ಕೊಂಡಿಗಳ ಕಡತ

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ವಾಸವಾಗಿರುವ ನಿವೃತ್ತ ಮೇಷ್ಟ್ರೊಬ್ಬರು, ಮೊಬೈಲಿನಲ್ಲಿ ತಾವು ಓದಿ ಮೆಚ್ಚಿದ ಪುಟಗಳ ವಿಳಾಸಗಳನ್ನೆಲ್ಲ ಇನ್ನೂರು ಪುಟದ ನೋಟ್‌ಬುಕ್ಕೊಂದರಲ್ಲಿ ಕೈಯಿಂದಲೇ ಬರೆದಿಡುವ ಪದ್ಧತಿಯನ್ನು ಬಹುಕಾಲದಿಂದ ಪಾಲಿಸಿಕೊಂಡು ಬಂದವರು. ಒಂದು ಸಂಜೆ ಆ ಪುಸ್ತಕವನ್ನು ಕಂಕುಳಲ್ಲಿರಿಸಿಕೊಂಡು ನಮ್ಮಲ್ಲಿಗೆ ಬಂದು, ಕನ್ನಡ ವಿಕಿಪೀಡಿಯದಲ್ಲಿ ತಾವು ಕಂಡಿದ್ದ 'ಕರ್ನಾಟಕ' ಎಂಬ ಲೇಖನದ ವಿಳಾಸವನ್ನು ನನ್ನ ಮುಂದೆ ಹಿಡಿದು, "ನೀವೇ ನೋಡಿ, ಇರುವುದು ನಾಲ್ಕಕ್ಷರದ ಹೆಸರು. ಬರೆದು ಮುಗಿಸುವಷ್ಟರಲ್ಲಿ ಎರಡು ಸಾಲು ದಾಟಿತು. ನಡುವೆ ಎಲ್ಲಿಯೋ ಕೈತಪ್ಪಾಗಿದೆ, ಪುಟ ತೆರೆಯಲೊಲ್ಲದು" ಎಂದರು.

ಮೇಷ್ಟ್ರ ಕೈ ತಪ್ಪಿದ್ದರಲ್ಲಿ ಆಶ್ಚರ್ಯವಿಲ್ಲ. ಅಂತರ್ಜಾಲದ ವಿಳಾಸಪದ್ಧತಿ ಹುಟ್ಟಿದಾಗ ಅದಕ್ಕೆ ಪರಿಚಯವಿದ್ದುದು ರೋಮನ್ ಲಿಪಿಯ ಅಕ್ಷರಗಳು, ಅಂಕಿಗಳು ಮತ್ತು ಕೆಲವೇ ಚಿಹ್ನೆಗಳು. ಉಳಿದ ಲಿಪಿಗಳು ಆ ಮಾರ್ಗದಲ್ಲಿ ಸಂಚರಿಸಬೇಕಾದರೆ ವೇಷ ಮರೆಸಿಕೊಂಡೇ ಸಂಚರಿಸಬೇಕು. ಕನ್ನಡದ ಒಂದೊಂದು ಸಂಕೇತವೂ ಈಗ ರೂಢಿಯಲ್ಲಿರುವ ಯೂನಿಕೋಡ್ ಕ್ರಮದಲ್ಲಿ 3 ಬೈಟ್‌ಗಳನ್ನು ಆಕ್ರಮಿಸುತ್ತದೆ; ಪ್ರತಿಯೊಂದು ಬೈಟನ್ನೂ ಶೇಕಡಾ ಚಿಹ್ನೆಯ ಮುಂದೆ ಎರಡು ಅಕ್ಷರ ಅಥವಾ ಅಂಕಿಗಳಾಗಿ ಬರೆಯಬೇಕಾದುದರಿಂದ ಒಂದು ಕಕಾರವೇ 9 ಚಿಹ್ನೆಗಳಾಗಿ ಹರಡಿಕೊಳ್ಳುತ್ತದೆ. ಕರ್ನಾಟಕ ಎಂಬ ಪದದಲ್ಲಿ ನಮ್ಮ ಕಣ್ಣಿಗೆ ಕಾಣುವ ಅಕ್ಷರಗಳು ನಾಲ್ಕೇ ಆದರೂ, ಒತ್ತನ್ನು ಮೂಡಿಸುವ ಚಿಹ್ನೆ, ದೀರ್ಘದ ಚಿಹ್ನೆ ಇವನ್ನೂ ಕೂಡಿಸಿದರೆ ಯಂತ್ರದ ಲೆಕ್ಕದಲ್ಲಿ ಸಂಕೇತಗಳು 7. ಅವು ವೇಷ ಧರಿಸಿ ನಿಂತಾಗ 63. ಅರವತ್ತಮೂರು ಅರ್ಥಹೀನ ಚಿಹ್ನೆಗಳನ್ನು ಕನ್ನಡಕದ ಮೇಲಿನಿಂದ ನೋಡುತ್ತ ನೋಡುತ್ತ ಇಳಿಸಿಕೊಂಡ ಆ ತಾಳ್ಮೆಗೆ ನಾನು ಮನಸ್ಸಿನಲ್ಲಿಯೇ ಕೈಮುಗಿದೆನು.

ಇದು ಹಳಬರ ಕಷ್ಟವೆಂದು ಕಿರಿಯರು ನಗುವ ಹಾಗಿಲ್ಲ. ನೋಟ್‌ಬುಕ್ಕಿನ ಗೋಜಿಗೆ ಹೋಗದವರು ಮಾಡುವುದೇನೆಂದರೆ, ಕಣ್ಣಿಗೆ ಬಿದ್ದ ಲಿಂಕನ್ನು ವಾಟ್ಸ್‌ಆ್ಯಪ್‌ನಲ್ಲಿ ತಮಗೆ ತಾವೇ ಕಳುಹಿಸಿಕೊಳ್ಳುವುದು. ಆ ಸೌಕರ್ಯವನ್ನು ಸಂಸ್ಥೆಯವರು 2022ರಲ್ಲಿ ತಾವಾಗಿಯೇ ಒದಗಿಸುವುದಕ್ಕೆ ಮುಂಚೆ, ಸ್ನೇಹಿತನೊಬ್ಬನನ್ನು ಸೇರಿಸಿಕೊಂಡು ಗುಂಪು ಕಟ್ಟಿ, ಮರುಕ್ಷಣವೇ ಅವನನ್ನು ಹೊರಗಟ್ಟಿ, ಏಕಾಕಿಯಾಗಿ ಉಳಿದ ಆ ಗುಂಪನ್ನೇ ಉಗ್ರಾಣ ಮಾಡಿಕೊಂಡ ಚತುರರನ್ನೂ ನಾನು ಬಲ್ಲೆ. ಆ ಉಗ್ರಾಣದಲ್ಲಿ ಪಹಣಿಯ ಪುಟ, ಗಮಕದ ಧ್ವನಿಮುದ್ರಿಕೆ, ಮಂಡಿನೋವಿನ ವ್ಯಾಯಾಮ, ಮಗಳ ಕಾಲೇಜಿನ ಪ್ರವೇಶಪ್ರಕಟಣೆ ಎಲ್ಲವೂ ಬಂದ ಕ್ರಮದಲ್ಲಿಯೇ ಒಂದರ ಮೇಲೊಂದು ಬಿದ್ದಿರುತ್ತವೆ. ಮೂರು ತಿಂಗಳ ಮೇಲೆ ಬೇಕಾದಾಗ, ಬೇಕಾದುದನ್ನು ಯಾವ ಪದದಿಂದ ಹುಡುಕಬೇಕೆಂಬುದೇ ಮರೆತುಹೋಗಿರುತ್ತದೆ.

ಓದಿದ ದಾರಿಯನ್ನು ಗುರುತಿಟ್ಟುಕೊಳ್ಳಬೇಕೆಂಬ ಬಯಕೆ ಅಂತರ್ಜಾಲಕ್ಕಿಂತ ಹಳೆಯದು. ಅಮೆರಿಕದ ವಿಜ್ಞಾನಿ ವೆನಿವರ್ ಬುಷ್ 1945ರ ಜುಲೈಯಲ್ಲಿ ಅಟ್ಲಾಂಟಿಕ್ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಮೆಮೆಕ್ಸ್ ಎಂಬ ಮೇಜಿನಾಕಾರದ ಯಂತ್ರವೊಂದನ್ನು ಕಲ್ಪಿಸಿ, ಓದುಗನು ಒಂದು ಬರಹದಿಂದ ಇನ್ನೊಂದಕ್ಕೆ ನಡೆದ ಹೆಜ್ಜೆಯ ಜಾಡನ್ನು ಅದು ಕಾದಿಡುವುದೆಂದೂ, ಆ ಜಾಡನ್ನು ಮಿತ್ರನಿಗೆ ದಾಟಿಸಲೂ ಬಹುದೆಂದೂ ವರ್ಣಿಸಿದನು. ಯಂತ್ರ ಹುಟ್ಟಲಿಲ್ಲ, ಕಲ್ಪನೆ ಉಳಿಯಿತು. ಟಿಮ್ ಬರ್ನರ್ಸ್-ಲೀ 1989ರಲ್ಲಿ ಜಿನೀವಾದ ಸರ್ನ್ ಸಂಸ್ಥೆಯಲ್ಲಿ ವಿಶ್ವವ್ಯಾಪಿ ಜಾಲದ ಪ್ರಸ್ತಾವವನ್ನು ಮುಂದಿಟ್ಟ ಕೆಲವೇ ವರ್ಷಗಳಲ್ಲಿ, 1993ರ ಮೊಸಾಯಿಕ್ ಬ್ರೌಸರಿನಲ್ಲಿ 'ಹಾಟ್‌ಲಿಸ್ಟ್' ಎಂಬ ಹೆಸರಿನಿಂದಲೂ, ಮರುವರ್ಷದ ನೆಟ್‌ಸ್ಕೇಪಿನಲ್ಲಿ 'ಬುಕ್‌ಮಾರ್ಕ್' ಎಂಬ ಹೆಸರಿನಿಂದಲೂ ಗುರುತಿನ ಪಟ್ಟಿ ಪ್ರತ್ಯಕ್ಷವಾಯಿತು. ಇಂದಿಗೂ ನಮ್ಮ ಬ್ರೌಸರುಗಳ ಮೂಲೆಯಲ್ಲಿ ಮಿನುಗುವ ನಕ್ಷತ್ರವು ಆ ವಂಶದ್ದೇ.

ನಕ್ಷತ್ರವನ್ನು ಒತ್ತಿದರೆ ಸಾಲದೆ, ಬೇರೊಂದು ವ್ಯವಸ್ಥೆ ಏತಕ್ಕೆ ಎಂದು ಕೇಳಬಹುದು. ಸಾಲದೆಂಬುದಕ್ಕೆ ಈ ಇಪ್ಪತ್ತು ವರ್ಷಗಳ ಚರಿತ್ರೆಯೇ ಸಾಕ್ಷಿ. ಕೊಂಡಿಗಳನ್ನು ಕೂಡಿಡುವುದಕ್ಕೆಂದೇ ಹುಟ್ಟಿದ ಡೆಲಿಷಿಯಸ್ ತಾಣವು 2003ರಲ್ಲಿ ಆರಂಭವಾಗಿ, 2005ರಲ್ಲಿ ಯಾಹೂ ಸಂಸ್ಥೆಯ ಪಾಲಾಗಿ, ಅನಂತರ ಕೈಯಿಂದ ಕೈಗೆ ಮಾರಾಟವಾಗುತ್ತ 2017ರಲ್ಲಿ ಪಿನ್‌ಬೋರ್ಡ್ ಎಂಬ ಪ್ರತಿಸ್ಪರ್ಧಿಯ ವಶವಾಯಿತು. ಹೊಸ ಕೊಂಡಿಯನ್ನು ಸೇರಿಸುವ ಬಾಗಿಲು ಅಲ್ಲಿಗೆ ಮುಚ್ಚಿತು. ಗೂಗಲ್ ಬುಕ್‌ಮಾರ್ಕ್ಸ್ 2005ರಲ್ಲಿ ಬಂದು 2021ರ ಸೆಪ್ಟೆಂಬರಿನಲ್ಲಿ ತೆರಳಿತು. 2007ರಲ್ಲಿ ಬೇರೆ ಹೆಸರಿನಿಂದ ಹುಟ್ಟಿ ಪಾಕೆಟ್ ಎಂದು ಪ್ರಖ್ಯಾತವಾದ ಸೇವೆಯು, ಮೊಜಿಲ್ಲದಂಥ ಸದುದ್ದೇಶದ ಸಂಸ್ಥೆಯ ಆಶ್ರಯದಲ್ಲಿದ್ದೂ 2025ರ ಜುಲೈಯಲ್ಲಿ ಅಂಗಡಿ ಮುಚ್ಚಿತು. ಇವರನ್ನು ದೂರುವುದರಲ್ಲಿ ಅರ್ಥವಿಲ್ಲ. ಪುಕ್ಕಟೆಯ ಛತ್ರದಲ್ಲಿ ಗಂಟಿಟ್ಟವನು ಛತ್ರದ ಯಜಮಾನ ಬಾಗಿಲೆಳೆದ ದಿನ ಗಂಟೆತ್ತಿಕೊಂಡು ಹೊರಡಲು ಸಿದ್ಧನಿರಬೇಕು. ಗಂಟು ಎತ್ತಲು ಬರುವಂತಿದೆಯೆ, ಅಲ್ಲ ಛತ್ರದ ಗೋಡೆಗೇ ಅಂಟಿಕೊಂಡಿದೆಯೆ ಎಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ.

ನಾನು ಕಡತ ಎಂಬ ಹಳೆಯ ಮಾತನ್ನು ನೆನೆಯುವುದು ಇಲ್ಲಿಯೇ. ಕಚೇರಿಯ ಭಾಷೆಯಲ್ಲಿ ಫೈಲ್ ಎಂಬ ಅರ್ಥದಲ್ಲಿ ಉಳಿದುಕೊಂಡಿರುವ ಈ ಶಬ್ದವು ಮೂಲತಃ ಒಂದು ವಸ್ತುವಿನ ಹೆಸರು: ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಕಪ್ಪು ಹಲಗೆಯಂತಾದ ಆ ಬಟ್ಟೆಯನ್ನು ಬೀಸಣಿಗೆಯ ಹಾಗೆ ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಲೆಕ್ಕಪತ್ರಗಳನ್ನು ಅದರ ಮೇಲೆ ಬರೆಯುತ್ತಿದ್ದರು. ಶೃಂಗೇರಿಯ ಮಠದಲ್ಲಿ ಇಂಥ ಕಡತಗಳ ದೊಡ್ಡ ಸಂಗ್ರಹವೇ ಉಂಟು. ಅರಸರು ಹೋಗಿ, ಆಡಳಿತಗಳು ಬದಲಾಗಿ, ನಾಣ್ಯಗಳ ಹೆಸರೇ ಮರೆತುಹೋದ ಮೇಲೂ ಅವುಗಳನ್ನು ಬಿಚ್ಚಿ ಓದಲು ಸಾಧ್ಯವಾಗಿರುವುದಕ್ಕೆ ಕಾರಣವು ಅವುಗಳ ಸರಳತೆ. ಕಣ್ಣು ಮತ್ತು ಲಿಪಿಜ್ಞಾನ ಇವೆರಡರ ಹೊರತು ಮೂರನೆಯ ಉಪಕರಣವನ್ನು ಅವು ಬೇಡುವುದಿಲ್ಲ.

ಕೊಂಡಿಗಳ ಲೋಕದಲ್ಲಿಯೂ ಅಷ್ಟೇ ಸರಳವಾದ ವಸ್ತುವೊಂದಿದೆ, ಆದರೆ ಬಳಸುವವರು ವಿರಳ. ಕಂಪ್ಯೂಟರಿನಲ್ಲಿ ಬ್ರೌಸರಿನ ವಿಳಾಸಪಟ್ಟಿಯ ಎಡತುದಿಯಲ್ಲಿರುವ ಸಣ್ಣ ಚಿತ್ರವನ್ನು ಮೌಸಿನಿಂದ ಹಿಡಿದೆಳೆದು ಯಾವುದಾದರೊಂದು ಫೋಲ್ಡರಿನೊಳಗೆ ಬಿಟ್ಟರೆ, ಅಲ್ಲಿ ಪುಟದ ಹೆಸರನ್ನೇ ಹೊತ್ತ ಪುಟ್ಟ ಫೈಲೊಂದು ಮೂಡುತ್ತದೆ. ವಿಂಡೋಸ್‌ನಲ್ಲಿ ಅದರ ಬಾಲದಲ್ಲಿ 'ಯುಆರ್‌ಎಲ್' ಎಂದಿರುತ್ತದೆ. ಮ್ಯಾಕ್‌ನಲ್ಲಿ 'ವೆಬ್‌ಲಾಕ್' ಎಂದಿರುತ್ತದೆ. ವಿಂಡೋಸಿನ ಆ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿದರೆ, ಇದು ಅಂತರ್ಜಾಲದ ಕೊಂಡಿ ಎಂದು ಸಾರುವ ಒಂದು ಸಾಲು, ಅದರ ಕೆಳಗೆ ವಿಳಾಸ. ಹೆಚ್ಚೆಂದರೆ ಇನ್ನೂ ಒಂದೆರಡು ಸಾಲು. ಲಕ್ಷಗಟ್ಟಲೆ ಕೂಡಿಟ್ಟರೂ ಒಂದು ಮದುವೆಯ ವೀಡಿಯೊ ಹಿಡಿಯುವಷ್ಟು ಜಾಗವನ್ನು ಅವುಗಳ ಬರಹ ಹಿಡಿಯಲಾರದು. ಮ್ಯಾಕ್ ಯಂತ್ರವು ವಿಂಡೋಸಿನ ಕೊಂಡಿಯನ್ನು ತಕರಾರಿಲ್ಲದೆ ತೆರೆಯುತ್ತದೆ, ವಿಂಡೋಸ್ ಮಾತ್ರ ಮ್ಯಾಕ್‌ನ ಕೊಂಡಿಯನ್ನು ಗುರುತಿಸುವುದಿಲ್ಲ. ಎರಡೂ ಇರುವ ಮನೆಯವರು ಇದನ್ನು ನೆನಪಿಟ್ಟರೆ ಒಳ್ಳೆಯದು.

ಈ ಪುಟ್ಟ ಫೈಲುಗಳಿರುವ ಫೋಲ್ಡರು ಡ್ರಾಪ್‌ಬಾಕ್ಸ್, ಒನ್‌ಡ್ರೈವ್, ಗೂಗಲ್ ಡ್ರೈವ್ ಇವುಗಳಲ್ಲೊಂದರ ಕಣ್ಗಾವಲಿನಲ್ಲಿದ್ದರೆ, ನಾವು ಮನೆಯಲ್ಲಿ ಇಟ್ಟದ್ದರ ಪ್ರತಿಯೊಂದು ದೂರದ ಯಂತ್ರಾಗಾರದಲ್ಲಿಯೂ ಸಿದ್ಧವಾಗಿರುತ್ತದೆ. ಕ್ಲೌಡ್ ಎಂದು ಇವರು ಕರೆಯುವುದು ಆ ಯಂತ್ರಾಗಾರವನ್ನೇ. ಹೆಸರು ಮೇಘವಾದರೂ ಅದು ನೆಲದ ಮೇಲೆ ಭದ್ರವಾಗಿ ನಿಂತು, ವಿದ್ಯುತ್ತನ್ನು ಕುಡಿದು, ತಂಪುಗಾಳಿಯನ್ನು ಬೇಡುವ ಕಟ್ಟಡ. ಗೂಗಲ್ ಉಚಿತವಾಗಿ ಕೊಡುವುದು 15 ಜಿಬಿ, ಒನ್‌ಡ್ರೈವ್ 5, ಡ್ರಾಪ್‌ಬಾಕ್ಸ್ 2. ಕೊಂಡಿಗಳಿಗೆ ಇವುಗಳಲ್ಲಿ ಅತ್ಯಂತ ಚಿಕ್ಕದೂ ವಿಶಾಲವೇ. ಸೌಲಭ್ಯದಲ್ಲಿ ಮಾತ್ರ ವ್ಯತ್ಯಾಸವುಂಟು. ಬಾಕ್ಸ್ ಎಂಬ ಸೇವೆಯಲ್ಲಿಯೂ ಮೈಕ್ರೋಸಾಫ್ಟಿನ ಶೇರ್‌ಪಾಯಿಂಟಿನಲ್ಲಿಯೂ ಫೋಲ್ಡರಿನೊಳಗೆ ನೇರವಾಗಿ ಕೊಂಡಿಯನ್ನು ಸೃಷ್ಟಿಸುವ ಗುಂಡಿಯೇ ಇದೆ. ಗೂಗಲ್ ಡ್ರೈವಿನಲ್ಲಿ 'ಶಾರ್ಟ್‌ಕಟ್' ಎಂಬುದು ಡ್ರೈವಿನೊಳಗಿನ ವಸ್ತುಗಳಿಗೆ ಮಾತ್ರ ಸಲ್ಲುತ್ತದೆ, ಹೊರಗಿನ ತಾಣಗಳಿಗಲ್ಲ. ಆದುದರಿಂದ ಡ್ರೈವನ್ನೇ ನಂಬಿದವರು, ಅದರಲ್ಲಿಯೂ ಮೊಬೈಲಿನಲ್ಲಿಯೇ ಓದುವವರು, ವಿಷಯಕ್ಕೊಂದು ಫೋಲ್ಡರು ಮಾಡಿ, ಅದರೊಳಗೆ ಒಂದು ಸಾದಾ ಡಾಕ್ಯುಮೆಂಟನ್ನು ತೆರೆದು, ಕೊಂಡಿಗಳನ್ನು ಅದರಲ್ಲಿ ಸಾಲಾಗಿ ಅಂಟಿಸುತ್ತ ಹೋಗುವುದು ನನ್ನ ಮತದಲ್ಲಿ ಎಲ್ಲಕ್ಕಿಂತ ನಿರುಪದ್ರವಿಯಾದ ಮಾರ್ಗ. ಡ್ರೈವಿನ ಹುಡುಕಾಟವು ಡಾಕ್ಯುಮೆಂಟಿನ ಒಳಗಿನ ಮಾತುಗಳನ್ನೂ ಓದಬಲ್ಲುದಾದ ಕಾರಣ ಇದರಿಂದ ಇನ್ನೊಂದು ಲಾಭವೂ ಇದೆ. ಅದನ್ನು ಮುಂದೆ ಹೇಳುವೆನು.

ಇಟ್ಟದ್ದಾಯಿತು, ಯಾವ ಫೋಲ್ಡರಿನಲ್ಲಿ ಇಡಬೇಕು? ಮೇಲ್ನೋಟಕ್ಕೆ ಬಾಲಿಶವೆನ್ನಿಸುವ ಈ ಪ್ರಶ್ನೆ ಗ್ರಂಥಾಲಯಶಾಸ್ತ್ರದ ಅತ್ಯಂತ ಕಠಿನ ಪ್ರಶ್ನೆ. ಕೊಡಗಿನ ಕಿತ್ತಳೆಯ ರೋಗವನ್ನು ಕುರಿತ ಪುಟವೊಂದು ಕೈಗೆ ಸಿಕ್ಕಿತೆನ್ನೋಣ. ಅದನ್ನು 'ಕೊಡಗು' ಎಂಬಲ್ಲಿ ಇಡುವುದೋ, 'ಹಣ್ಣು' ಎಂಬಲ್ಲಿಯೋ, 'ರೋಗ' ಎಂಬಲ್ಲಿಯೋ? ಕಪಾಟಿನ ಪುಸ್ತಕ ಒಂದೇ ಕಡೆ ಕೂರಬಲ್ಲುದು; ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಾಂಶ ವರ್ಗೀಕರಣವು ಜ್ಞಾನವೃಕ್ಷದ ಒಂದು ಕೊಂಬೆಯನ್ನು ಆರಿಸಿಕೊಂಡು ಅಲ್ಲಿ ಪುಸ್ತಕವನ್ನು ತೂಗುಹಾಕಿತು. ಈ ಏಕಸ್ಥಾನನಿಷ್ಠೆ ಶಿಯಾಳಿ ರಾಮಾಮೃತ ರಂಗನಾಥನ್ ಅವರಿಗೆ ಸಮಾಧಾನ ತರಲಿಲ್ಲ. ಗಣಿತದ ಅಧ್ಯಾಪಕರಾಗಿದ್ದು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದ ಅವರು, ಶಿಕ್ಷಣಕ್ಕಾಗಿ ಲಂಡನ್ನಿನಲ್ಲಿದ್ದಾಗ ಅಂಗಡಿಯೊಂದರಲ್ಲಿ ಮೆಕ್ಯಾನೊ ಆಟಿಕೆಯನ್ನು ಕಂಡು, ಅದೇ ಪಟ್ಟಿ ಮೊಳೆಗಳನ್ನು ಬೇರೆ ಬೇರೆ ರೀತಿಯಲ್ಲಿ ಜೋಡಿಸಿ ಬೇರೆ ಬೇರೆ ಗೊಂಬೆಗಳನ್ನು ಮಾಡುವ ಚಮತ್ಕಾರದಿಂದ ಸ್ಫೂರ್ತಿಗೊಂಡರು. ವಿಷಯವನ್ನು ಅದರ ಮುಖಗಳಾಗಿ ಬಿಡಿಸುವುದು, ಅದು ಯಾವುದನ್ನು ಕುರಿತದ್ದು, ಯಾವ ದ್ರವ್ಯ, ಯಾವ ಕ್ರಿಯೆ, ಯಾವ ದೇಶ, ಯಾವ ಕಾಲ ಎಂದು ಒಂದೊಂದಾಗಿ ಕೇಳುವುದು, ಬಂದ ಉತ್ತರಗಳನ್ನು ಚಿಹ್ನೆಗಳಿಂದ ಜೋಡಿಸುವುದು: 1933ರಲ್ಲಿ ಹೊರಬಂದ ಅವರ ಕೋಲನ್ ವರ್ಗೀಕರಣದ ಹೃದಯ ಇದು. ಈ ಮಹನೀಯರು ಕಡೆಗಾಲದಲ್ಲಿ ಬೆಂಗಳೂರಿನಲ್ಲಿ ನೆಲೆಸಿ, 1962ರಲ್ಲಿ ಅಲ್ಲಿಯೇ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಶ್ರಯದಲ್ಲಿ ಪ್ರಲೇಖನ ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿ, 1972ರಲ್ಲಿ ಆ ಊರಿನಲ್ಲಿಯೇ ದೇಹವನ್ನಿಟ್ಟರು. ಮಾಹಿತಿ ತಂತ್ರಜ್ಞಾನಕ್ಕಾಗಿ ಬೆಂಗಳೂರನ್ನು ಹೊಗಳುವವರ ಬಾಯಲ್ಲಿ ಈ ಹೆಸರು ಬಾರದಿರುವುದು ನನಗೆ ಯಾವಾಗಲೂ ವಿಚಿತ್ರವೆನ್ನಿಸಿದೆ.

ರಂಗನಾಥನ್ ಅವರ ಈ ದರ್ಶನ ನಮ್ಮ ಫೋಲ್ಡರಿಗೆ ಬಂದು ತಗಲುವುದು ಹೀಗೆ. ಗೂಗಲ್ ಡ್ರೈವಿನಲ್ಲಿ ಮೊದಲು ಒಂದೇ ಫೈಲು ಏಕಕಾಲದಲ್ಲಿ ಹಲವು ಫೋಲ್ಡರುಗಳಲ್ಲಿ ಇರಬಹುದಾಗಿತ್ತು. 2020ರಿಂದೀಚೆಗೆ ಒಂದು ಫೈಲಿಗೆ ಒಂದೇ ಮನೆ, ಉಳಿದೆಡೆ ಬರಿಯ ಕೈಮರ. ಫೋಲ್ಡರಿನ ಸ್ವಭಾವವೇ ಡ್ಯೂಯಿಯ ಕಪಾಟಿನ ಸ್ವಭಾವ. ಕಿತ್ತಳೆಯ ಪುಟವನ್ನು ಮೂರು ಕಡೆ ಇಡಲು ಹೆಣಗಾಡುವ ಬದಲು, ಎಲ್ಲಿಯಾದರೂ ಒಂದೆಡೆ ಇಟ್ಟು ಅದರ ಹೆಸರಿನಲ್ಲಿಯೇ ಮೂರು ಮುಖಗಳನ್ನೂ ವರ್ಷವನ್ನೂ ಬರೆದುಬಿಡುವುದು ಮೇಲು: 'ಕಿತ್ತಳೆ, ರೋಗ, ಕೊಡಗು, 2024' ಎಂದು. ಹುಡುಕುವ ಯಂತ್ರಕ್ಕೆ ಈ ನಾಲ್ಕರಲ್ಲಿ ಯಾವ ಬಾಗಿಲಿನಿಂದ ಬಂದರೂ ಮನೆ ಸಿಕ್ಕುತ್ತದೆ. ಫೋಲ್ಡರುಗಳು ಕೆಲವೇ ಇದ್ದರೆ ಸಾಕು. ಒಂದರೊಳಗೊಂದು, ಅದರೊಳಗೆ ಮತ್ತೊಂದು ಎಂದು ಏಳು ಸುತ್ತಿನ ಕೋಟೆ ಕಟ್ಟಿದವರು ಕಟ್ಟಿದ ಸಂತೋಷವನ್ನು ಮಾತ್ರ ಅನುಭವಿಸುತ್ತಾರೆ. ನಾನೂ ಒಮ್ಮೆ ಹಾಗೆ ಕಟ್ಟಿ, ಒಳಗೆ ಹೋಗಲು ನನಗೇ ದಾರಿ ತಿಳಿಯದೆ, ಒಂದು ಭಾನುವಾರ ಪೂರ್ತಿ ಕುಳಿತು ಕೆಡವಿದೆನು.

ಹೆಸರಿಡುವಾಗ ಸಣ್ಣ ವಿಘ್ನಗಳು ಬರುತ್ತವೆ. ಪ್ರಶ್ನಾರ್ಥಕ ಚಿಹ್ನೆ, ಓರೆಗೆರೆ, ಎರಡು ಚುಕ್ಕೆ ಮುಂತಾದುವನ್ನು ವಿಂಡೋಸ್ ಫೈಲಿನ ಹೆಸರಿನಲ್ಲಿ ಸೇರಿಸಗೊಡುವುದಿಲ್ಲ. ವಿಳಾಸದ ಬಾಲವನ್ನೂ ಒಮ್ಮೆ ನೋಡಬೇಕು. ಫೇಸ್‌ಬುಕ್ಕಿನಿಂದಲೋ ಪತ್ರಿಕೆಯ ಮಿಂಚಂಚೆಯಿಂದಲೋ ಬಂದ ಕೊಂಡಿಯಲ್ಲಿ ಪ್ರಶ್ನಾರ್ಥಕ ಚಿಹ್ನೆಯ ತರುವಾಯ 'ಯುಟಿಎಂ' ಎಂದೋ 'ಎಫ್‌ಬಿಕ್ಲಿಡ್' ಎಂದೋ ಆರಂಭವಾಗುವ ಉದ್ದನೆಯ ಗೋಜಲಿರುತ್ತದೆ. ನೀವು ಯಾವ ದಾರಿಯಿಂದ ಬಂದಿರೆಂಬುದನ್ನು ತಾಣದವರಿಗೆ ತಿಳಿಸುವ ಚಾಡಿಚೀಟಿ ಅದು. ಆ ಭಾಗವನ್ನು ಕತ್ತರಿಸಿದರೂ ಪುಟ ತೆರೆಯುತ್ತದೆ. ಆದರೆ ಪ್ರಶ್ನಾರ್ಥಕದ ಮುಂದಿರುವುದೆಲ್ಲ ಚಾಡಿಯೆಂದು ಭಾವಿಸಬಾರದು. ಯೂಟ್ಯೂಬಿನಲ್ಲಿ ವೀಡಿಯೊದ ಗುರುತೇ ಅಲ್ಲಿ ಅಡಗಿರುವುದುಂಟು. ಕತ್ತರಿಸಿ, ತೆರೆದು ನೋಡಿ, ಆಮೇಲೆ ಇಡುವುದು ಕ್ಷೇಮ.

ಇಷ್ಟೆಲ್ಲ ಹೇಳಿದರೂ ನಾನು ಒತ್ತಿ ಹೇಳಬೇಕೆಂದಿರುವುದು ಇನ್ನೊಂದನ್ನು. ಕಾಳಿದಾಸನ ಯಕ್ಷನು ಮೇಘಕ್ಕೆ ಸಂದೇಶವನ್ನು ಒಪ್ಪಿಸುವಾಗ ಅಲಕಾನಗರಿಯ ದಾರಿಯನ್ನು ಹೇಳಿ ಸುಮ್ಮನಾಗಲಿಲ್ಲ. ಕುಬೇರನ ಅರಮನೆಯ ಉತ್ತರಕ್ಕೆ ತನ್ನ ಮನೆಯೆಂದೂ, ಕಾಮನಬಿಲ್ಲಿನಂಥ ತೋರಣದಿಂದ ಅದು ದೂರದಿಂದಲೇ ಕಾಣುವುದೆಂದೂ, ಅಂಗಳದಲ್ಲಿ ಮಡದಿ ಮಗನಂತೆ ಸಾಕಿದ ಎಳೆಯ ಮಂದಾರವಿದೆಯೆಂದೂ, ಪಚ್ಚೆಯ ಮೆಟ್ಟಿಲಿನ ಕೊಳವಿದೆಯೆಂದೂ ಗುರುತುಗಳನ್ನು ಕೊಟ್ಟನು. ನಮ್ಮ ಕಾಲದ ಮೇಘಕ್ಕೆ ನಾವು ಒಪ್ಪಿಸುವ ಕೊಂಡಿಗಳಲ್ಲಿ ವಿಳಾಸವಿರುತ್ತದೆ, ಮಂದಾರವಿರುವುದಿಲ್ಲ. ಪುಟವನ್ನು ಏತಕ್ಕಾಗಿ ಇಟ್ಟೆವು, ಅದರಲ್ಲಿ ಮೆಚ್ಚಿದ್ದು ಯಾವುದು, ಯಾರಿಗೆ ತೋರಿಸಬೇಕೆಂದಿದ್ದೆವು ಎಂಬುದನ್ನು ಕೊಂಡಿಯ ಪಕ್ಕದಲ್ಲಿ ನಮ್ಮದೇ ಮಾತಿನಲ್ಲಿ ಒಂದು ಸಾಲು ಬರೆದಿಟ್ಟರೆ, ಹುಡುಕುವಾಗ ನೆನಪಿಗೆ ಬರುವುದು ಆ ಸಾಲೇ ಹೊರತು ಲೇಖನದ ಶೀರ್ಷಿಕೆಯಲ್ಲ. ಡಾಕ್ಯುಮೆಂಟಿನ ಒಳಗನ್ನು ಓದಬಲ್ಲ ಹುಡುಕಾಟದ ಲಾಭವೆಂದು ನಾನು ಹಿಂದೆ ಸೂಚಿಸಿದ್ದು ಇದನ್ನೇ. ಕನ್ನಡ ಓದುಗರಿಗಂತೂ ಈ ಸಾಲು ಹೆಚ್ಚು ಅಗತ್ಯ. ಏಕೆಂದರೆ ಹಳೆಯ ಎಷ್ಟೋ ಪುಟಗಳು ಯೂನಿಕೋಡಿಗಿಂತ ಹಿಂದಿನ ಅಕ್ಷರವಿನ್ಯಾಸದಲ್ಲಿಯೋ ಬರಿಯ ಚಿತ್ರಗಳಾಗಿಯೋ ಇದ್ದು, ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಕನ್ನಡವಾಗಿ ಕೇಳಿಸುವುದಿಲ್ಲ.

ವಿಳಾಸ ಉಳಿದು ಮನೆಯೇ ಬಿದ್ದುಹೋದರೆ? ಒಳ್ಳೆಯ ವಿಳಾಸವು ಎಂದಿಗೂ ಬದಲಾಗಬಾರದೆಂದು ಬರ್ನರ್ಸ್-ಲೀ 1998ರಲ್ಲಿಯೇ ವಾದಿಸಿದ್ದನಾದರೂ ಲೋಕ ಅವನ ಮಾತನ್ನು ಕೇಳಲಿಲ್ಲ. ಅಮೆರಿಕದ ಪ್ಯೂ ಸಂಶೋಧನ ಕೇಂದ್ರವು 2024ರಲ್ಲಿ ಪ್ರಕಟಿಸಿದ ಪರಿಶೀಲನೆಯಂತೆ, 2013ರಲ್ಲಿ ಇದ್ದ ಪುಟಗಳಲ್ಲಿ ಶೇಕಡಾ 38ರಷ್ಟು ಹತ್ತು ವರ್ಷಗಳ ತರುವಾಯ ದೊರೆಯುವುದಿಲ್ಲ. ಆ ದೇಶದ ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳಲ್ಲಿ ಉಲ್ಲೇಖಗೊಂಡ ಕೊಂಡಿಗಳಲ್ಲಿಯೇ ಅರ್ಧದಷ್ಟು, ಮೊದಲು ತೋರಿಸಿದ್ದನ್ನು ಈಗ ತೋರಿಸುವುದಿಲ್ಲವೆಂದು ಹಾರ್ವರ್ಡಿನ ವಿದ್ವಾಂಸರು 2014ರಲ್ಲಿ ತಿಳಿಸಿದರು. ನಮ್ಮಲ್ಲಿಯೂ ಇದರ ಅನುಭವವಿಲ್ಲದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನೆಲೆಗೊಂಡಿದ್ದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ತಾಣದಲ್ಲಿ ಅಚ್ಚಿನಲ್ಲಿಲ್ಲದ ಕನ್ನಡ ಪುಸ್ತಕಗಳು ಅಸಂಖ್ಯಾತವಾಗಿದ್ದುವು. ಆ ತಾಣ ಕಣ್ಮರೆಯಾದ ದಿನ, ಅದರ ಕೊಂಡಿಗಳನ್ನು ಜೋಪಾನವಾಗಿ ಇಟ್ಟುಕೊಂಡಿದ್ದವರ ಕೈಯಲ್ಲಿ ಉಳಿದುದು ಖಾಲಿ ಚಿಪ್ಪು. ಪುಸ್ತಕಗಳಲ್ಲಿ ಬಹಳಷ್ಟು ಇಂಟರ್‌ನೆಟ್ ಆರ್ಕೈವಿಗೆ ಹೋಗಿ ಸೇರಿದ್ದರಿಂದ, ಗ್ರಂಥದ ಹೆಸರನ್ನೂ ಕರ್ತೃವಿನ ಹೆಸರನ್ನೂ ಪಕ್ಕದಲ್ಲಿ ಬರೆದುಕೊಂಡಿದ್ದವರು ಹೊಸ ಮನೆಯನ್ನು ಪತ್ತೆಹಚ್ಚಿದರು. ಬರಿಯ ವಿಳಾಸವನ್ನು ಇಟ್ಟಿದ್ದವರಿಗೆ ತಾವು ಕಳೆದುಕೊಂಡದ್ದು ಏನೆಂಬುದೂ ತಿಳಿಯಲಿಲ್ಲ.

ಸಾನ್ ಫ್ರಾನ್ಸಿಸ್ಕೊದ ಆ ಆರ್ಕೈವನ್ನು ಬ್ರೂಸ್ಟರ್ ಕೇಲ್ 1996ರಲ್ಲಿ ಸ್ಥಾಪಿಸಿದರು. ಅದರ ವೇಬ್ಯಾಕ್ ಮೆಷಿನ್ 2001ರಿಂದ ಸಾರ್ವಜನಿಕರಿಗೆ ತೆರೆದಿದೆ. ಯಾವ ಪುಟದ ವಿಳಾಸವನ್ನಾದರೂ ಅಲ್ಲಿ ಕೊಟ್ಟು ಪ್ರತಿಯೊಂದನ್ನು ತೆಗೆಸಿಡಲು ಕೇಳಿಕೊಳ್ಳಬಹುದು. ಆ ಪ್ರತಿಗೆ ದೊರೆಯುವ ವಿಳಾಸವನ್ನು ಮೂಲದ ಪಕ್ಕದಲ್ಲಿಯೇ ಅಂಟಿಸಿಕೊಳ್ಳಬಹುದು. ನಿಜವಾಗಿ ಬೇಕಾದ ಪುಟವಾದರೆ ನಾನು ಅದನ್ನೂ ನಂಬದೆ, ಪ್ರಿಂಟ್ ಕೊಡುವ ಜಾಗದಲ್ಲಿ ಪಿಡಿಎಫ್ ಎಂದು ಆರಿಸಿ, ಅದೇ ಫೋಲ್ಡರಿನಲ್ಲಿ ಇಳಿಸಿಡುತ್ತೇನೆ. ಎಲ್ಲಕ್ಕೂ ಹೀಗೆ ಮಾಡಹೊರಟರೆ ಬಾಳು ಸಾಲದು. ನೂರರಲ್ಲಿ ಐದಾರಕ್ಕೆ ಮಾಡಿದರೆ ಆಯಿತು.

ಮೋಡದಲ್ಲಿದ್ದುದು ಶಾಶ್ವತವೆಂಬ ಭ್ರಮೆಯನ್ನೂ ಬಿಡಬೇಕು. ಒಂದೆಡೆ ಅಳಿಸಿದ್ದು ಎಲ್ಲೆಡೆಯೂ ಅಳಿಯುತ್ತದೆ. ಗೂಗಲ್ ಡ್ರೈವಿನ ಕಸದಬುಟ್ಟಿಯಲ್ಲಿ 30 ದಿನ ಇದ್ದು ಆಮೇಲೆ ತಾನಾಗಿಯೇ ಹೋಗುತ್ತದೆ. ಎರಡು ವರ್ಷ ಯಾರೂ ಇಣುಕಿ ನೋಡದ ವೈಯಕ್ತಿಕ ಖಾತೆಯನ್ನು, ಅದರೊಳಗಿನ ಸರಕಿನ ಸಮೇತ, ತೆಗೆದುಹಾಕುವ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಖಾತೆದಾರನು ನಿಷ್ಕ್ರಿಯನಾದರೆ ಅವನ ಸಂಗ್ರಹ ಯಾರ ಕೈ ಸೇರಬೇಕೆಂದು ಮುಂಚಿತವಾಗಿ ಸೂಚಿಸುವ ಏರ್ಪಾಡೂ ಅಲ್ಲಿಯೇ ಉಂಟು. ಒಂದು ಬಗೆಯ ಉಯಿಲು ಅದು. ಹೊಲಮನೆಯ ಉಯಿಲನ್ನೇ ಮುಂದೂಡುವ ನಮ್ಮ ಜನ ಇದನ್ನು ಬರೆದಾರೆಯೆ ಎಂಬ ಸಂದೇಹ ನನಗಿದೆ.

ಮೇಷ್ಟ್ರಿಗೆ ನಾನು ಅಂದು ಒಂದು ಫೋಲ್ಡರು, ಅದರೊಳಗೆ ನಾಲ್ಕು ಡಾಕ್ಯುಮೆಂಟುಗಳನ್ನು ಮಾಡಿಕೊಟ್ಟು, ವಿಳಾಸವನ್ನು ಒತ್ತಿಹಿಡಿದು ನಕಲು ಮಾಡಿ ಅಂಟಿಸುವ ಕ್ರಮವನ್ನು ತೋರಿಸಿದೆನು. ತಿಂಗಳು ಕಳೆದು ಅವರಲ್ಲಿಗೆ ಹೋದಾಗ ಸಂಗ್ರಹ ಚೆನ್ನಾಗಿ ಬೆಳೆದಿತ್ತು. 'ಕರ್ನಾಟಕ' ಲೇಖನದ ಕೊಂಡಿಯ ಪಕ್ಕದಲ್ಲಿ "ನದಿಗಳ ಭಾಗ ಚೆನ್ನಾಗಿದೆ, ನಮ್ಮ ಹೊಳೆಯ ಹೆಸರು ಬಿಟ್ಟಿದ್ದಾರೆ" ಎಂದು ಬರೆದಿದ್ದರು. ಹಾಗಾದರೆ ಇನ್ನೂರು ಪುಟದ ನೋಟ್‌ಬುಕ್ಕಿಗೆ ನಿವೃತ್ತಿಯಾಯಿತೇ ಮೇಷ್ಟ್ರೇ ಎಂದು ಕೇಳಿದೆ. ಅವರು ಎದ್ದುಹೋಗಿ ಬೀರುವಿನಿಂದ ಅದನ್ನು ತಂದು ಮೊದಲ ಪುಟವನ್ನು ತೆರೆದರು. ಅಲ್ಲಿ ಖಾತೆಯ ಹೆಸರು, ಪಾಸ್‌ವರ್ಡು, ಯಾವ ಡಾಕ್ಯುಮೆಂಟಿನಲ್ಲಿ ಏನಿದೆಯೆಂಬ ವಿವರ, ಎಲ್ಲವೂ ದುಂಡು ಅಕ್ಷರಗಳಲ್ಲಿ, ಕೆಂಪು ಶಾಯಿಯ ಎರಡೆರಡು ಗೆರೆಗಳ ಸಮೇತ ವಿರಾಜಮಾನವಾಗಿದ್ದುವು. ಪಾಸ್‌ವರ್ಡನ್ನು ಹೀಗೆ ಬರೆದಿಡಬಾರದೆಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ, "ನೀವು ಬೈಯುತ್ತೀರೆಂದು ಗೊತ್ತು. ಮೊಮ್ಮಗಳಿಗೆ ಬೀರುವಿನ ಬೀಗದಕೈ ಇರುವ ಜಾಗ ತಿಳಿದಿದೆ. ಆ ಮೋಡದ ಬೀಗದಕೈ ಎಲ್ಲಿದೆಯೆಂದು ಅವಳು ಯಾರನ್ನು ಕೇಳಬೇಕು?" ಎಂದು, ಪುಸ್ತಕವನ್ನು ಮತ್ತೆ ಬೀರುವಿನೊಳಗಿಟ್ಟು ಬೀಗ ಹಾಕಿದರು.